ಚರ್ಚ್ ಬಿಡುವವರು ಯಾಕೆ ಬಿಡುತ್ತಾರೆ?

(ಓದುಗರ ಪತ್ರದ ಸಾರ: ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಮಾಡುವ ಓದುಗರೊಬ್ಬರು ಬರೆದಿದ್ದಾರೆ. ಅವರ ಆಫೀಸಿನಲ್ಲಿ ಕೆಲವರು ಚರ್ಚ್‌ನಿಂದ ಹೆಸರು ತೆಗೆಸಿಕೊಂಡರಂತೆ. "ಯೇಸು ಅನ್ನುವ ವ್ಯಕ್ತಿ ಇರಲೇ ಇಲ್ಲ, ಅದು ರೋಮನ್ನರು ಕಟ್ಟಿದ ಕಥೆ ಅಂತ ವಿಡಿಯೋಗಳಲ್ಲಿ ನೋಡಿದೆ. ಸತ್ಯ ಗೊತ್ತಾಗಿ ಜನ ಬಿಡುತ್ತಿದ್ದಾರೆ, ಅಲ್ವಾ? ಯುರೋಪಿನವರೇ ಬಿಟ್ಟಿದ್ದನ್ನು ನಮ್ಮ ಕರಾವಳಿಯವರು ಯಾಕೆ ಹಿಡಿದುಕೊಂಡಿದ್ದಾರೆ? ನಿಮ್ಮ ಪತ್ರಿಕೆ ಇದನ್ನು ಯಾಕೆ ಬರೆಯುವುದಿಲ್ಲ?" ಎಂದು ಕೇಳಿದ್ದಾರೆ. ತಮ್ಮ ರೂಮಿನಲ್ಲಿರುವ ಮಂಗಳೂರಿನ ಕ್ಯಾಥೊಲಿಕ್ ಗೆಳೆಯ ಅಲ್ಲಿನ ವಿಳಾಸ ನೋಂದಣಿ ಫಾರಂನಲ್ಲಿ ಧರ್ಮದ ಕಾಲಂ ಖಾಲಿ ಬಿಡಬಹುದೇ ಎಂದೂ ವಿಚಾರಿಸಿದ್ದಾರೆ.)

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದರೊಳಗೊಂದು ಸೇರಿಕೊಂಡಿವೆ. ಜನ ಕ್ರೈಸ್ತ ಧರ್ಮ ಯಾಕೆ ಬಿಡುತ್ತಾರೆ ಅನ್ನುವುದು ಒಂದು. ಆ ಧರ್ಮ ಹುಟ್ಟಿದ್ದು ಹೇಗೆ ಅನ್ನುವುದು ಇನ್ನೊಂದು. ಹುಟ್ಟಿನ ಗುಟ್ಟು ಬಯಲಾಗಿದೆ, ಅದಕ್ಕೇ ಬಿಡುತ್ತಿದ್ದಾರೆ ಅನ್ನುವುದು ನಿಮ್ಮ ತರ್ಕ. ನನಗೆ ಹಾಗೆ ಕಾಣುವುದಿಲ್ಲ. ಬಿಡುವವರಲ್ಲಿ ಹೆಚ್ಚಿನವರು ಇತಿಹಾಸ ಓದಿ ಬಿಡುವುದಿಲ್ಲ. ಇತಿಹಾಸವನ್ನೇ ಓದಿಕೊಂಡವರು ಹೇಳುವುದೂ ನೀವು ವಿಡಿಯೋದಲ್ಲಿ ನೋಡಿದ್ದನ್ನಲ್ಲ.

ಬಿಡುವುದು ಹೊಸ ಸಂಗತಿಯೂ ಅಲ್ಲ. ಸುಮಾರು ಕ್ರಿ.ಶ. 112ರಲ್ಲಿ, ಇವತ್ತಿನ ಟರ್ಕಿಯ ಉತ್ತರ ಭಾಗಕ್ಕೆ ಪ್ಲಿನಿ ಎಂಬ ರೋಮನ್ ಅಧಿಕಾರಿ ಗವರ್ನರ್ ಆಗಿದ್ದ. ಅವನು ಚಕ್ರವರ್ತಿ ಟ್ರಾಜನನಿಗೆ ಬರೆದ ಕಾಗದ ಉಳಿದುಕೊಂಡಿದೆ. ಕ್ರೈಸ್ತರು ಎಂದು ದೂರು ಬಂದವರನ್ನು ಅವನು ಕರೆಸಿ ವಿಚಾರಿಸಿದ. ಅವರಲ್ಲಿ ಕೆಲವರು "ಹಿಂದೆ ಆಗಿದ್ದೆವು, ಈಗ ಅಲ್ಲ" ಎಂದರು. ಬಿಟ್ಟು ಮೂರು ವರ್ಷ ಆಗಿತ್ತು ಕೆಲವರಿಗೆ. ಇಪ್ಪತ್ತು ವರ್ಷದ ಹಿಂದೆಯೇ ಬಿಟ್ಟವರೂ ಇದ್ದರು. ಚಕ್ರವರ್ತಿಯ ಮೂರ್ತಿಗೆ ಕೈಮುಗಿದು, ಕ್ರಿಸ್ತನನ್ನು ಶಪಿಸಿ ತೋರಿಸಿದರು. ಹಿಂದೆ ಏನು ಮಾಡುತ್ತಿದ್ದಿರಿ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: ಗೊತ್ತಾದ ಒಂದು ದಿನ ಬೆಳಕು ಹರಿಯುವ ಮೊದಲು ಸೇರುತ್ತಿದ್ದೆವು, ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಿದ್ದೆವು, ಕದಿಯುವುದಿಲ್ಲ, ಹಾದರ ಮಾಡುವುದಿಲ್ಲ, ಮಾತಿಗೆ ತಪ್ಪುವುದಿಲ್ಲ ಅಂತ ಆಣೆ ಇಡುತ್ತಿದ್ದೆವು, ಆಮೇಲೆ ಮತ್ತೆ ಸೇರಿ ಊಟ ಮಾಡುತ್ತಿದ್ದೆವು.

ಈ ಕಾಗದ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಮೊದಲ ಕಾಲದ ಕ್ರೈಸ್ತರ ಕೂಟ ಹೇಗಿತ್ತು ಅಂತ ಹೊರಗಿನವನೊಬ್ಬ ಬರೆದಿಟ್ಟ ವಿವರ ಇದು. ಅದರಲ್ಲಿ ಬಹುಪಾಲು ಅವನಿಗೆ ಸಿಕ್ಕಿದ್ದು ಬಿಟ್ಟು ಬಂದವರ ಬಾಯಿಂದ. ಅವರು ಯಾಕೆ ಬಿಟ್ಟರು ಅಂತ ಮಾತ್ರ ಪ್ಲಿನಿ ಬರೆಯಲಿಲ್ಲ. ಅವನಿಗೆ ಅದು ಬೇಕಿರಲಿಲ್ಲ. ಇವತ್ತು ಲೆಕ್ಕ ಹಾಕುವ ನಾವೂ ಎಷ್ಟು ಜನ ಅಂತ ಕೇಳುತ್ತೇವೆಯೇ ಹೊರತು ಯಾಕೆ ಅಂತ ಕೂತು ಕೇಳುವುದು ಕಮ್ಮಿ.

ನಿಮ್ಮ ಆಫೀಸಿನವರ ವಿಷಯಕ್ಕೆ ಬರೋಣ. ಜರ್ಮನಿಯಲ್ಲಿ ಚರ್ಚ್‌ನ ಸದಸ್ಯರ ಸಂಬಳದಿಂದಲೇ ಚರ್ಚ್ ತೆರಿಗೆ ಮುರಿದುಕೊಳ್ಳುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇದೆ. ನೀವಿರುವ ಬಾಡನ್-ವ್ಯುರ್ಟೆಂಬರ್ಗ್ ಮತ್ತು ಬವೇರಿಯಾದಲ್ಲಿ ಅದು ಆದಾಯ ತೆರಿಗೆಯ ಶೇ. 8, ಉಳಿದ ಕಡೆ ಶೇ. 9. ವರ್ಷಕ್ಕೆ 10,000 ಯೂರೋ ಆದಾಯ ತೆರಿಗೆ ಕಟ್ಟುವವರಿಗೆ ನಿಮ್ಮಲ್ಲಿ ಇನ್ನೊಂದು 800 ಯೂರೋ. ಬೇಡ ಅಂದರೆ ಪಾದ್ರಿಯ ಹತ್ತಿರ ಹೋಗಬೇಕಾಗಿಲ್ಲ. ಜನನ, ಮರಣ, ಮದುವೆ ನೋಂದಾಯಿಸುವ ಸರ್ಕಾರಿ ಕಚೇರಿಗೆ ಗುರುತಿನ ಚೀಟಿ ಹಿಡಿದು ಹೋಗಿ, ಶುಲ್ಕ ಕಟ್ಟಿ, ಸಹಿ ಹಾಕಿದರೆ ಮುಗಿಯಿತು. ಕಾರಣ ಹೇಳಬೇಕಾಗಿಲ್ಲ. ಹೀಗೆ 2022ರಲ್ಲಿ 5 ಲಕ್ಷ 22 ಸಾವಿರಕ್ಕೂ ಜಾಸ್ತಿ ಕ್ಯಾಥೊಲಿಕರು ಹೆಸರು ತೆಗೆಸಿದರು. 2023ರಲ್ಲಿ 4 ಲಕ್ಷ 2 ಸಾವಿರ. ಅದೇ ವರ್ಷ ಪ್ರಾಟೆಸ್ಟೆಂಟ್ ಕಡೆಯಿಂದ ಸುಮಾರು 3 ಲಕ್ಷ 80 ಸಾವಿರ.

ಹಾಗಾದರೆ ಎಲ್ಲಾ ದುಡ್ಡಿಗೋಸ್ಕರವೇ? ಅಲ್ಲ. ತೆರಿಗೆ ಎಷ್ಟೋ ದಶಕಗಳಿಂದ ಇದೆ. 2018ರಲ್ಲಿ ಜರ್ಮನಿಯ ಬಿಷಪ್‌ಗಳೇ ಮಾಡಿಸಿದ ಅಧ್ಯಯನದ ವರದಿ ಹೊರಬಂತು. 1946ರಿಂದ 2014ರವರೆಗೆ ಕನಿಷ್ಠ 3,677 ಮಕ್ಕಳು ಮತ್ತು ಹದಿಹರೆಯದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿತ್ತು. ಆರೋಪ ಇದ್ದದ್ದು 1,670 ಧರ್ಮಗುರುಗಳ ಮೇಲೆ. 2022ರ ಜನವರಿಯಲ್ಲಿ ಮ್ಯೂನಿಕ್ ಧರ್ಮಪ್ರಾಂತ್ಯದ ವರದಿ ಬಂತು. ಅದು ಹಿಂದಿನ ಪೋಪ್ 16ನೇ ಬೆನೆಡಿಕ್ಟ್ ಅವರು ಅಲ್ಲಿ ಆರ್ಚ್‌ಬಿಷಪ್ ಆಗಿದ್ದಾಗ ನಾಲ್ಕು ಪ್ರಕರಣಗಳಲ್ಲಿ ತಪ್ಪಾಗಿ ನಡೆದುಕೊಂಡರು ಎಂದಿತು. ಆ ವರ್ಷದ ಸಂಖ್ಯೆ ಮೇಲೆ ಕೊಟ್ಟಿದ್ದೇನೆ. ಮಕ್ಕಳಿಗೆ ಆದ ಅನ್ಯಾಯ ದೊಡ್ಡದು, ಅದನ್ನು ಮೇಲಿನವರು ಮುಚ್ಚಿಟ್ಟದ್ದು ಜನರಿಗೆ ಸಹಿಸಲಾಗದ್ದು. ನನ್ನ ಸಂಬಳದಿಂದ ಇವರಿಗೆ ಯಾಕೆ ಕೊಡಲಿ ಅಂತ ಒಬ್ಬ ಭಕ್ತೆ ಕೇಳಿದರೆ ಅದು ದೇವರಿಲ್ಲ ಅನ್ನುವ ಮಾತಲ್ಲ. ಹೆಸರು ತೆಗೆಸಿಯೂ ಮನೆಯಲ್ಲಿ ಪ್ರಾರ್ಥನೆ ಮಾಡುವವರು ಅಲ್ಲಿ ಇದ್ದಾರೆ.

ಇನ್ನು ಸದ್ದಿಲ್ಲದೆ ಬಿಡುವವರು. ಅಜ್ಜಿ ಪ್ರತಿ ಭಾನುವಾರ ಹೋಗುತ್ತಿದ್ದರು, ಅಪ್ಪ ಅಮ್ಮ ಕ್ರಿಸ್‌ಮಸ್‌ಗೆ ಮಾತ್ರ, ಮಗಳಿಗೆ ಚರ್ಚ್ ನೆನಪಾಗುವುದು ಮೊದಲ ಸಂಬಳದ ಚೀಟಿಯಲ್ಲಿ ಆ ಸಾಲು ಕಂಡಾಗ. ಅವಳಿಗೆ ಯಾರ ಮೇಲೂ ಸಿಟ್ಟಿಲ್ಲ, ಯಾವ ವಾದವೂ ಇಲ್ಲ. ಸುಮ್ನೆ ದೂರ ಆಗಿಹೋಗಿದೆ, ಅಷ್ಟೆ.

ಅಮೆರಿಕದಲ್ಲಿ ಈ ತೆರಿಗೆ ಇಲ್ಲ. ಆದರೂ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ 2007ರಲ್ಲಿ ಶೇ. 78 ವಯಸ್ಕರು ಕ್ರೈಸ್ತರು ಎಂದುಕೊಂಡಿದ್ದರೆ 2023-24ರಲ್ಲಿ ಅದು ಶೇ. 62. ಅಲ್ಲಿ ನೀವು ಹೇಳುವ ಕಾರಣಕ್ಕೆ ಸ್ವಲ್ಪ ಜಾಗ ಇದೆ, ಒಪ್ಪುತ್ತೇನೆ. ಬೈಬಲ್‌ನ ಒಂದಕ್ಷರದಲ್ಲೂ ತಪ್ಪಿಲ್ಲ ಅಂತ ಮಗುವಾಗಿದ್ದಾಗಿನಿಂದ ಕಲಿಸುವ ಸಭೆಗಳು ಅಲ್ಲಿ ಬಹಳ. ಹಾಗೆ ಕಲಿತವನು ಕಾಲೇಜಿಗೆ ಹೋಗಿ ಒಂದೇ ಒಂದು ತಪ್ಪು ಕಂಡರೆ ಸಾಕು, ಎಲ್ಲವೂ ಅಲುಗಾಡುತ್ತದೆ.

ಒಂದು ಉದಾಹರಣೆ ನೋಡಿ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯ ಮತ್ತು ಲೂಕ ಇಬ್ಬರೂ ಯೇಸುವಿನ ಹುಟ್ಟನ್ನು ಹೆರೋದ ರಾಜನ ಕಾಲಕ್ಕೆ ಜೋಡಿಸುತ್ತಾರೆ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಅನ್ನುವುದು ಹೆಚ್ಚಿನ ವಿದ್ವಾಂಸರ ಲೆಕ್ಕ. ಆದರೆ ಯೋಸೇಫ, ಮರಿಯ ಬೇತ್ಲೆಹೇಮಿಗೆ ಹೋಗಿದ್ದು ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗಿನ ಜನಗಣತಿಗೆ ಎಂದು ಲೂಕ ಬರೆಯುತ್ತಾನೆ. ಆ ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ನಡುವೆ ಸುಮಾರು ಹತ್ತು ವರ್ಷದ ಅಂತರ. ಮತ್ತಾಯನಲ್ಲಿ ಗಣತಿಯೇ ಇಲ್ಲ, ಮಗುವನ್ನೆತ್ತಿಕೊಂಡು ಈಜಿಪ್ಟಿಗೆ ಓಡುವ ಕಥೆ ಇದೆ. ಲೂಕನಲ್ಲಿ ಈಜಿಪ್ಟೇ ಇಲ್ಲ. ಇವೆರಡನ್ನೂ ಹೊಂದಿಸಲು ಭಕ್ತರಾದ ಪಂಡಿತರು ಶತಮಾನಗಳಿಂದ ಪ್ರಯತ್ನ ಪಟ್ಟಿದ್ದಾರೆ. ನನಗೆ ಅದು ಹೊಂದಿದಂತೆ ಕಂಡಿಲ್ಲ.

ಆದರೆ ಇಲ್ಲಿಂದ ಯೇಸು ಇರಲೇ ಇಲ್ಲ ಅನ್ನುವಲ್ಲಿಗೆ ಹಾರುವಂತಿಲ್ಲ. ಹುಟ್ಟಿದ ಕಥೆಯಲ್ಲಿ ಗೊಂದಲ ಇದೆ ಅಂದ ಮಾತ್ರಕ್ಕೆ ಹುಟ್ಟೇ ಸುಳ್ಳಾಗುತ್ತದೆಯೇ? ನಮ್ಮ ವಚನಕಾರರ ಹುಟ್ಟು, ಊರು, ವರ್ಷದ ಬಗ್ಗೆ ಎಷ್ಟು ತಕರಾರಿಲ್ಲ!

ಯೇಸು ಇದ್ದ ಎಂದು ಹೇಳುವವರು ಭಕ್ತರಷ್ಟೇ ಅಲ್ಲ. ಈ ಕ್ಷೇತ್ರದ ವಿದ್ವಾಂಸರಲ್ಲಿ ಬಹುತೇಕ ಎಲ್ಲರೂ, ನಾಸ್ತಿಕರೂ ಯೆಹೂದ್ಯರೂ ಸೇರಿ, ಹಾಗೆಯೇ ಹೇಳುತ್ತಾರೆ. ಅವರ ಕೈಯಲ್ಲಿರುವ ಗಟ್ಟಿ ಸಾಕ್ಷಿ ಮೊದಲ ಕಾಲದ ಧರ್ಮಪ್ರಚಾರಕ ಪೌಲನ ಪತ್ರಗಳು. ಅವು ಕ್ರಿ.ಶ. 50ರ ದಶಕದ ಆಸುಪಾಸಿನವು, ನಾಲ್ಕು ಸುವಾರ್ತೆಗಳಿಗಿಂತ ಹಳೆಯವು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ತಾನು ಯೆರೂಸಲೇಮಿಗೆ ಹೋಗಿ ಯೇಸುವಿನ ಶಿಷ್ಯ ಪೇತ್ರನ ಜೊತೆ ಹದಿನೈದು ದಿನ ಇದ್ದೆ, ಕರ್ತನ ತಮ್ಮನಾದ ಯಾಕೋಬನನ್ನೂ ಕಂಡೆ ಎನ್ನುತ್ತಾನೆ. ಮುಂದೆ ಅಂತಿಯೋಕ್ಯದಲ್ಲಿ ಅದೇ ಪೇತ್ರನ ಜೊತೆ ಎದುರಾಎದುರು ಜಗಳ ಆದದ್ದನ್ನೂ ಬರೆಯುತ್ತಾನೆ, ಯಾರು ಯಾರ ಜೊತೆ ಕೂತು ಊಟ ಮಾಡಬಹುದು ಅನ್ನುವುದರ ಮೇಲೆ. ಇದು ಕಟ್ಟುಕಥೆಯ ದನಿಯಲ್ಲ. ಸಿಟ್ಟು ಬಂದ ಮನುಷ್ಯ ತನ್ನ ಸಮಕಾಲೀನರ ಮೇಲೆ ದೂರು ಹೇಳುವ ದನಿ. ಇರಲೇ ಇಲ್ಲದವನಿಗೆ ತಮ್ಮ ಹೇಗೆ ಬರುತ್ತಾನೆ? ಯೆಹೂದ್ಯ ಇತಿಹಾಸಕಾರ ಜೋಸೆಫಸನೂ ಕ್ರಿ.ಶ. 93ರ ಸುಮಾರಿಗೆ ಈ ಯಾಕೋಬನನ್ನು ಕ್ರಿಸ್ತನೆನಿಸಿಕೊಂಡ ಯೇಸುವಿನ ಸೋದರ ಎಂದು ಹೆಸರಿಸಿದ್ದಾನೆ. ಯೇಸುವಿನ ಬಗ್ಗೆಯೇ ಅವನ ಪುಸ್ತಕದಲ್ಲಿರುವ ಇನ್ನೊಂದು ಭಾಗಕ್ಕೆ ಮಾತ್ರ ಆಮೇಲಿನ ಕ್ರೈಸ್ತ ಕೈಗಳು ಸೇರಿಸಿದ್ದಿದೆ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ರೋಮನ್ ಅಧಿಕಾರಿ ಪಿಲಾತನ ಆಡಳಿತದಲ್ಲಿ ಕ್ರಿಸ್ತನಿಗೆ ಮರಣದಂಡನೆ ಆಯಿತು ಎಂದು ಬರೆದ. ಅವನಿಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ.

"ರೋಮನ್ನರು ಕಟ್ಟಿದರು" ಅನ್ನುವ ಮಾತು ಸಾಮಾನ್ಯವಾಗಿ ಕಾನ್‌ಸ್ಟಂಟೈನ್ ಚಕ್ರವರ್ತಿ 325ರಲ್ಲಿ ಕರೆದ ನೈಸಿಯಾ ಸಭೆಗೆ ಬಂದು ನಿಲ್ಲುತ್ತದೆ. ಅಲ್ಲಿನ ದೊಡ್ಡ ವಾದ ಮಗನಾದ ಯೇಸು ತಂದೆಯಾದ ದೇವರಿಗೆ ಸಮಾನನೇ ಅನ್ನುವುದು. ಬೈಬಲ್‌ಗೆ ಯಾವ ಪುಸ್ತಕ ಸೇರಬೇಕು ಅಂತ ಅಲ್ಲಿ ತೀರ್ಮಾನ ಆಗಲಿಲ್ಲ. ಬೈಬಲ್‌ನ ಕ್ರೈಸ್ತ ಭಾಗವಾದ ಹೊಸ ಒಡಂಬಡಿಕೆಯ ಇವತ್ತಿನ 27 ಪುಸ್ತಕಗಳ ಪಟ್ಟಿ ಸರಿಯಾಗಿ ಕಾಣುವುದು 367ರಲ್ಲಿ, ಅಥನೇಸಿಯಸ್ ಎಂಬ ಬಿಷಪ್ ಬರೆದ ಈಸ್ಟರ್ ಪತ್ರದಲ್ಲಿ. ಆ ಪುಸ್ತಕಗಳಾದರೋ ಅಷ್ಟು ಹೊತ್ತಿಗೆ ಇನ್ನೂರು ವರ್ಷಕ್ಕೂ ಹಳೆಯವು.

ಯೇಸು ಇದ್ದ ಎಂದು ವಾದಿಸುವವರಲ್ಲಿ ಅಮೆರಿಕದ ಬೈಬಲ್ ವಿದ್ವಾಂಸ ಬಾರ್ಟ್ ಎರ್ಮನ್ ಒಬ್ಬರು. ಅವರ ಕಥೆ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತದೆ. ಬೈಬಲ್ ತಪ್ಪಿಲ್ಲದ್ದು ಎಂದು ನಂಬಿ ಶಿಕಾಗೋದ ಮೂಡಿ ಬೈಬಲ್ ಸಂಸ್ಥೆಗೆ ಸೇರಿದ ಹುಡುಗ, ಮುಂದೆ ಪ್ರಿನ್ಸ್‌ಟನ್‌ನಲ್ಲಿ ಹಳೆಯ ಹಸ್ತಪ್ರತಿಗಳನ್ನು ಓದಿದರು. ಒಂದು ಪ್ರತಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಕಂಡರು. ತಪ್ಪಿಲ್ಲದ ಗ್ರಂಥ ಅನ್ನುವ ನಂಬಿಕೆ ಹೋಯಿತು. ಆದರೂ ವರ್ಷಗಟ್ಟಲೆ ಕ್ರೈಸ್ತರಾಗಿಯೇ ಉಳಿದರು. ಕೊನೆಗೆ ಬಿಟ್ಟದ್ದು ಲೋಕದ ಸಂಕಟ ನೋಡಿ: ಒಳ್ಳೆಯ ದೇವರಿದ್ದರೆ ಇಷ್ಟೊಂದು ನೋವು ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಸಿಗದೆ. ಹಸ್ತಪ್ರತಿಗಳನ್ನೇ ಜೀವನ ಮಾಡಿಕೊಂಡ ಮನುಷ್ಯನನ್ನೂ ಹೊರಗೆ ಕಳಿಸಿದ್ದು ಹಸ್ತಪ್ರತಿಯಲ್ಲ.

ಓದಿಯೇ ಬಿಟ್ಟವರೂ ಇದ್ದಾರೆ, ಅವರನ್ನು ಮರೆಯಬಾರದು. ಫ್ರಾನ್ಸಿನ ಅರ್ನೆಸ್ಟ್ ರೆನಾನ್ ಪಾದ್ರಿಯಾಗಲು ಹೊರಟವರು. ಹೀಬ್ರೂ ಕಲಿತು, ಗ್ರಂಥಗಳ ಕಾಲ ನೋಡುತ್ತಾ ನೋಡುತ್ತಾ 1845ರಲ್ಲಿ ಪ್ಯಾರಿಸ್ಸಿನ ಸೆಮಿನರಿ ಬಿಟ್ಟರು. ಇಂಗ್ಲೆಂಡಿನ ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್ 1842ರಲ್ಲಿ ಇನ್ನು ಚರ್ಚಿಗೆ ಬರುವುದಿಲ್ಲ ಎಂದರು. ಮನೆಯಲ್ಲಿ ದೊಡ್ಡ ರಂಪ ಆಯಿತು. ಆಮೇಲೆ ಅಪ್ಪನ ಸಲುವಾಗಿ ಹೋಗಿ ಕೂರಲು ಒಪ್ಪಿದರು. ಅವರೇ ಸ್ಟ್ರೌಸ್ ಎಂಬ ಜರ್ಮನ್ ಪಂಡಿತನ ಯೇಸುವಿನ ಜೀವನದ ಪುಸ್ತಕವನ್ನು ಅನುವಾದಿಸಿದರು, 1846ರಲ್ಲಿ ಅದು ಬಂತು. ಶಿಲುಬೆಯ ಭಾಗವನ್ನು ತುಂಡು ತುಂಡು ಮಾಡಿ ಪರೀಕ್ಷಿಸುವ ಪುಟಗಳಿಗೆ ಬಂದಾಗ ಅವರಿಗೆ ಸಂಕಟವಾಗುತ್ತಿತ್ತಂತೆ. ಎದುರಿಗೆ ಇಟ್ಟುಕೊಂಡ ಕ್ರಿಸ್ತನ ಮೂರ್ತಿ ನೋಡಿ ಸಮಾಧಾನ ಮಾಡಿಕೊಳ್ಳುತ್ತಿದ್ದರು ಎಂದು ಗೆಳತಿಯೊಬ್ಬರು ಬರೆದಿಟ್ಟಿದ್ದಾರೆ. ಬಿಟ್ಟವರಿಗೆ ಬಿಟ್ಟದ್ದರ ಮೇಲೆ ಪ್ರೀತಿ ಇರುವುದಿಲ್ಲ ಅಂತ ಯಾರೂ ತಿಳಿಯಬಾರದು.

ಆ ಸ್ಟ್ರೌಸ್ ನಿಮ್ಮ ಪಕ್ಕದ ಊರಿನವನು. ಸ್ಟುಟ್‌ಗಾರ್ಟ್‌ಗೆ ಹತ್ತಿರದ ಟ್ಯೂಬಿಂಗನ್‌ನಲ್ಲಿ ಪಾಠ ಹೇಳುತ್ತಿದ್ದ. ಸುವಾರ್ತೆಯ ಪವಾಡಗಳು ಭಕ್ತ ಸಮುದಾಯದ ಮನಸ್ಸಿನಲ್ಲಿ ಬೆಳೆದ ಪುರಾಣ ಎಂದು 1835ರಲ್ಲಿ ಬರೆದು ಆ ಕೆಲಸ ಕಳೆದುಕೊಂಡ. ಅವನೂ ಯೇಸು ಇರಲಿಲ್ಲ ಎನ್ನಲಿಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಓದಿದ್ದೂ ಅದೇ ಟ್ಯೂಬಿಂಗನ್‌ನಲ್ಲಿ. ಅವರ ಗೆಳೆಯ, ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟ್, ಪಾದ್ರಿಯಾಗುವವರನ್ನು ತಯಾರು ಮಾಡುವ ಮೌಲ್‌ಬ್ರೊನ್ ಶಾಲೆಯಲ್ಲಿ ಸ್ಟ್ರೌಸನ ಕೈಕೆಳಗೆ ಕಲಿತವರು. ಅವನ ವಿಚಾರ ಗೊತ್ತಿದ್ದೂ ಅವರು ನಂಬಿಕೆ ಹಿಡಿದು ಮಿಷನರಿಯಾಗಿ ತಲಶ್ಶೇರಿಗೆ ಬಂದರು. ಅವರ ಮೊಮ್ಮಗ, ಮುಂದೆ ನೊಬೆಲ್ ಪಡೆದ ಹರ್ಮನ್ ಹೆಸ್ಸೆ, 1892ರಲ್ಲಿ ಅದೇ ಮೌಲ್‌ಬ್ರೊನ್‌ನಿಂದ ಓಡಿಹೋದ. ಹುಡುಗನಿಗೆ ಅಲ್ಲಿನ ಶಿಸ್ತು ಉಸಿರುಕಟ್ಟಿಸಿತ್ತು. ಬೈಬಲ್ ಬಗ್ಗೆ ಎಲ್ಲ ಸಂಶಯ ಕೇಳಿದ ಅಜ್ಜ ಉಳಿದುಕೊಂಡರು, ಭಕ್ತಿಯ ಮನೆಯಲ್ಲೇ ಬೆಳೆದ ಮೊಮ್ಮಗ ಹೊರಟ.

"ಯುರೋಪಿನವರೇ ಬಿಟ್ಟದ್ದನ್ನು" ಅನ್ನುವ ನಿಮ್ಮ ಮಾತು ನನಗೆ ಹಿಡಿಸಲಿಲ್ಲ. ಈ ಧರ್ಮ ಯುರೋಪಿನ ಸೊತ್ತಲ್ಲ. ಹುಟ್ಟಿದ್ದು ಪಶ್ಚಿಮ ಏಷ್ಯಾದಲ್ಲಿ. ಕೇರಳದ ಕರಾವಳಿಯಲ್ಲಿ ಕ್ರೈಸ್ತರಿರುವುದನ್ನು 6ನೇ ಶತಮಾನದ ಒಬ್ಬ ಗ್ರೀಕ್ ಪ್ರವಾಸಿ ದಾಖಲಿಸಿದ್ದಾನೆ. ಆಗ ಜರ್ಮನಿಯ ಎಷ್ಟೋ ಭಾಗಕ್ಕೆ ಅದು ತಲುಪಿಯೇ ಇರಲಿಲ್ಲ. ಇವತ್ತು ಯುರೋಪಿಗಿಂತ ಜಾಸ್ತಿ ಕ್ರೈಸ್ತರು ಇರುವುದು ಸಹರಾದ ದಕ್ಷಿಣದ ಆಫ್ರಿಕಾದಲ್ಲಿ. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ಹಿರಿಯರು ಗೋವಾದಿಂದ ಬಂದವರು. 1784ರಲ್ಲಿ ಟಿಪ್ಪುವಿನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ, 1799ರ ನಂತರ ಉಳಿದವರು ಮರಳಿ ಬಂದು ಚರ್ಚ್ ಕಟ್ಟಿಕೊಂಡವರು. ಅಂಥವರ ಮನೆಯವರಿಗೆ, ಜರ್ಮನ್ನರು ಬಿಟ್ಟರು, ನೀವೂ ಬಿಡಿ ಅನ್ನುವುದಕ್ಕೆ ಏನರ್ಥ? ಅವರಲ್ಲೂ ಪ್ರಶ್ನೆ ಕೇಳುವವರು, ಬಿಡುವವರು ಇರುತ್ತಾರೆ. ಅದು ಅವರ ಮನೆಯೊಳಗಿನ ಮಾತು. ನಮ್ಮೂರಿನ ಮತಾಂತರದ ಜಗಳಕ್ಕೆ ಅದನ್ನು ಎಳೆದು ತರುವುದು ಬೇಡ.

ನಿಮ್ಮ ಗೆಳೆಯನ ಫಾರಂ ಬಗ್ಗೆ. ಕ್ಯಾಥೊಲಿಕ್ ಎಂದು ಬರೆದರೆ ತೆರಿಗೆ ಶುರುವಾಗುತ್ತದೆ, ಅವರು ಭಾರತದ ಪ್ರಜೆಯಾದರೂ. ಆಮೇಲೆ ನಿಲ್ಲಿಸಬೇಕೆಂದರೆ ಆ ಸರ್ಕಾರಿ ಕಚೇರಿಗೇ ಹೋಗಿ ಹೆಸರು ತೆಗೆಸಬೇಕು. ಅಲ್ಲಿನ ಬಿಷಪ್‌ಗಳ 2012ರ ಆದೇಶದ ಪ್ರಕಾರ ಹಾಗೆ ತೆಗೆಸಿದವರಿಗೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ಇಲ್ಲ, ಮಗುವನ್ನು ಚರ್ಚ್‌ಗೆ ಸೇರಿಸುವ ಜ್ಞಾನಸ್ನಾನದಲ್ಲಿ ಸಾಕ್ಷಿಯಾಗಿ ನಿಲ್ಲುವ ಹಾಗಿಲ್ಲ. ಖಾಲಿ ಬಿಟ್ಟು ಭಾನುವಾರ ಪೂಜೆಗೆ ಹೋಗಿ ಕೂರುವುದು ಅವರ ಮನಸ್ಸಿಗೆ ಒಪ್ಪುತ್ತದೆಯೇ ಅಂತ ಅವರೇ ನೋಡಿಕೊಳ್ಳಲಿ. ಊರಿಗೆ ಬಂದು ಅಕ್ಕನ ಮಗುವಿಗೆ ಜ್ಞಾನಸ್ನಾನದ ತಂದೆಯಾಗುವ ಆಸೆ ಇದ್ದರೆ, ಸಹಿ ಹಾಕುವ ಮೊದಲು ತಮ್ಮ ಊರಿನ ಪಾದ್ರಿಗಳಿಗೆ ಒಂದು ಫೋನ್ ಮಾಡಿ ಕೇಳಲಿ.

ನಿಮ್ಮ ಆಫೀಸಿನವರನ್ನೂ ಒಮ್ಮೆ ಕೇಳಿ, ಯಾಕೆ ಬಿಟ್ಟಿರಿ ಅಂತ. ಹೇಳಲು ಮನಸ್ಸಿದ್ದರೆ ಹೇಳುತ್ತಾರೆ. ಅವರು ಒಪ್ಪಿದರೆ, ಹೆಸರಿಲ್ಲದೆ ನಮಗೆ ಬರೆದು ಕಳಿಸಿ. ಪ್ರಕಟಿಸುತ್ತೇವೆ.

– ಸಂ.