ನಿಮ್ಮಪ್ಪ ಕೇಳಿದ ಪ್ರಶ್ನೆ ಎಲ್ಲಿ ಹೋಯಿತು?

ನಮಸ್ಕಾರ. ಮದ್ದೂರಿನಿಂದ ನೀವು ಕಳಿಸಿದ ‘ಮುಕ್ತ ಪ್ರವೇಶ ಸಂಗ್ರಹಾಗಾರಗಳು: ಒಂದು ಅವಲೋಕನ’ ಮೈಸೂರಿನ ನಮ್ಮ ಪತ್ರಿಕೆಯ ಕಚೇರಿಗೆ ತಲುಪಿತು. ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ವಿಷಯ ಚೆನ್ನಾಗಿದೆ. ಸಮಾಜ ವಿಜ್ಞಾನದ ಸಂಶೋಧನೆಯನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ಓದಬಹುದಾದ ಜಾಗಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಆದರೆ ಮೊದಲ ಮೂರು ಪುಟ ‘ಮಾಹಿತಿ ಯುಗ’, ‘ಡಿಜಿಟಲ್ ಕ್ರಾಂತಿ’ ಅಂತಲೇ ಹೋಗಿದೆ. ಯಾವ ಸೆಮಿನಾರಿನ ಸ್ವಾಗತ ಭಾಷಣಕ್ಕೂ ಹೊಂದುತ್ತದೆ, ಅಲ್ವಾ? ಅಷ್ಟನ್ನೂ ತೆಗೆದುಹಾಕಿ. ತಲೆಬರಹವೂ ಬೇಡ. ‘ಮುಕ್ತ ಪ್ರವೇಶ’ ಅಂದಾಗ ನನಗೆ ನಾಟಕದ ಪೋಸ್ಟರಿನ ‘ಪ್ರವೇಶ ಉಚಿತ’ ನೆನಪಾಯಿತು. ಓಪನ್ ಆಕ್ಸೆಸ್ ಅಂತಲೇ ಬರೆಯಿರಿ, ಓದುವವರಿಗೆ ತಿಳಿಯುತ್ತದೆ.

ನಾಲ್ಕನೇ ಪುಟದಲ್ಲಿ ಒಂದು ಪ್ಯಾರಾ ಇದೆ. ಎಂ.ಎ. ಪ್ರಾಜೆಕ್ಟಿಗೆ ಆಲೆಮನೆ ಕೂಲಿಯವರ ಬಗ್ಗೆ ಹುಡುಕುತ್ತಾ, ಅಪ್ಪನ ಆಲೆಮನೆಯಲ್ಲೇ ಕೊಪ್ಪರಿಗೆಯಿಂದ ಸ್ವಲ್ಪ ದೂರ ಕೂತು, ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ ಫೋನಿನಲ್ಲಿ ಒಂದು ಪ್ರಬಂಧ ತೆರೆದಿರಿ. ಅದನ್ನು ಪ್ರಕಟಿಸಿದ ಸಂಶೋಧನಾ ಪತ್ರಿಕೆಯವರು ಮೂವತ್ತು ಚಿಲ್ಲರೆ ಡಾಲರ್ ಕೇಳಿದರು. ಆಮೇಲೆ ಅದೇ ಪ್ರಬಂಧ ಲೇಖಕರ ವಿಶ್ವವಿದ್ಯಾಲಯದ ಆನ್‌ಲೈನ್ ಭಂಡಾರದಲ್ಲಿ ಸುಮ್ನೆ ಸಿಕ್ಕಿತು. ಇದನ್ನು ಆರು ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಲ್ಲ! ಲೇಖನ ಶುರುವಾಗಬೇಕಾದದ್ದೇ ಇಲ್ಲಿಂದ. ಒಂದೇ ಪ್ರಬಂಧ ಒಂದು ಕಡೆ ದುಡ್ಡಿಗೆ, ಇನ್ನೊಂದು ಕಡೆ ಪುಕ್ಕಟೆ, ಅದು ಹೇಗೆ? ಬಹಳಷ್ಟು ಪ್ರಕಾಶಕರು, ತಾವು ಪುಟ ಜೋಡಿಸಿ ಅಚ್ಚಿಗೆ ಸಿದ್ಧ ಮಾಡಿದ ಪ್ರತಿಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಅದಕ್ಕೂ ಮುಂಚಿನ, ಪರಿಶೀಲನೆ ಮುಗಿದು ಒಪ್ಪಿಗೆಯಾದ ಹಸ್ತಪ್ರತಿಯನ್ನು ಲೇಖಕರೇ ಭಂಡಾರಕ್ಕೆ ಹಾಕಬಹುದು, ಕೆಲವು ಸಲ ಒಂದೆರಡು ವರ್ಷ ಕಾಯಬೇಕಾಗುತ್ತದೆ ಅಷ್ಟೇ. ನಿಮ್ಮ ಪ್ರತಿಯ ಪುಟಸಂಖ್ಯೆ ಪತ್ರಿಕೆಯದಕ್ಕೆ ತಾಳೆಯಾಗಲಿಲ್ಲ, ಗೈಡ್ ಬೈದರು ಅಂದಿರಲ್ಲ, ಕಾರಣ ಇದೇ. ಇದನ್ನು ಬಿಡಿಸಿ ಬರೆದರೆ ಹತ್ತು ವಿದ್ಯಾರ್ಥಿಗಳಿಗಾದರೂ ಉಪಯೋಗ.

ಇನ್ನು ತಪ್ಪುಗಳು. ಸಮಾಜ ವಿಜ್ಞಾನದ ಪ್ರಬಂಧಗಳನ್ನು ಹಂಚಿಕೊಳ್ಳುವ ಆನ್‌ಲೈನ್ ಭಂಡಾರ ಎಸ್‌ಎಸ್‌ಆರ್‌ಎನ್ ಅನ್ನು ‘ಸೇವಾ ಮನೋಭಾವದ ಸಂಸ್ಥೆ’ ಅಂತ ಹೊಗಳಿದ್ದೀರಿ. 1994ರಲ್ಲಿ ಶುರುವಾದ ಅದನ್ನು 2016ರಲ್ಲಿ ಎಲ್ಸೆವಿಯರ್ ಕೊಂಡುಕೊಂಡಿತು. ಎಲ್ಸೆವಿಯರ್ ಅಂದರೆ ಸಂಶೋಧನಾ ಪತ್ರಿಕೆಗಳ ಚಂದಾದಲ್ಲೇ ಬೆಳೆದ ದೊಡ್ಡ ಪ್ರಕಾಶನ ಕಂಪನಿ. ಈಗಲೂ ಅಲ್ಲಿ ಪುಕ್ಕಟೆ ಓದಬಹುದು, ಸರಿ, ಆದರೆ ಮನೆ ಯಾರದು ಅಂತ ಹೇಳಬೇಕಲ್ಲ. ಅದೇ ವರ್ಷ ಅಮೆರಿಕದ ಮೇರಿಲ್ಯಾಂಡ್‌ನ ಸಮಾಜಶಾಸ್ತ್ರಜ್ಞ ಫಿಲಿಪ್ ಕೋಹೆನ್ ಮತ್ತು ಜೊತೆಯವರು ಸೋಶ್‌ಆರ್ಕೈವ್ ಅನ್ನುವ, ಲಾಭದ ಉದ್ದೇಶವಿಲ್ಲದ ಇಂಥದೇ ಭಂಡಾರ ಶುರುಮಾಡಿದರು. ಅದರ ಹೆಸರೇ ನಿಮ್ಮ ಲೇಖನದಲ್ಲಿಲ್ಲ. ‘ಇಲ್ಲಿರುವ ಎಲ್ಲವೂ ತಜ್ಞರು ಪರಿಶೀಲಿಸಿದ್ದು’ ಅನ್ನುವ ಸಾಲನ್ನಂತೂ ಇವತ್ತೇ ಹೊಡೆದುಹಾಕಿ. ಇಂಥ ಕಡೆ ಸಂಶೋಧನೆಯ ರೂಪದಲ್ಲಿದೆಯಾ ಅಂತ ಮೇಲುಮೇಲೆ ನೋಡುತ್ತಾರೆ, ಲೆಕ್ಕ ಸರಿಯಾ ಅಂತ ನೋಡುವುದು ಓದುವವರ ಪಾಡು.

ಕೇಂದ್ರ ಸರ್ಕಾರದ ‘ಒಂದು ದೇಶ ಒಂದು ಚಂದಾ’ ಯೋಜನೆಯನ್ನೂ ಓಪನ್ ಆಕ್ಸೆಸ್ ಲೆಕ್ಕಕ್ಕೆ ಸೇರಿಸಿದ್ದೀರಿ. 2024ರ ನವೆಂಬರಿನಲ್ಲಿ ಸಂಪುಟ ಒಪ್ಪಿದ್ದು, ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಆ ದುಡ್ಡು ಪ್ರಕಾಶಕರಿಗೆ ಕಟ್ಟುವ ಚಂದಾ; ಅದು ಬಾಡಿಗೆಗೆ ತಂದ ಬೀಗದ ಕೈ. ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳವರಿಗೆ ಬಾಗಿಲು ತೆರೆಯುತ್ತದೆ. ನೀವು ಎಂ.ಎ. ಮುಗಿಸಿ ಊರಿಗೆ ಬಂದ ಮೇಲೆ ನಿಮಗೂ ಇಲ್ಲ, ನಿಮ್ಮಪ್ಪನಿಗಂತೂ ಮೊದಲಿನಿಂದಲೂ ಇಲ್ಲ.

ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾ ಬಗ್ಗೆ ಬರೆದದ್ದು ಪರವಾಗಿಲ್ಲ. ಪಿಎಚ್‌ಡಿ ಪ್ರಬಂಧದ ಇ-ಪ್ರತಿ ಕೊಡಲೇಬೇಕು ಅಂತ ಯುಜಿಸಿ 2009ರಲ್ಲಿ ನಿಯಮ ಮಾಡಿತು, ಯುಜಿಸಿಯದೇ ಕೇಂದ್ರವಾದ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಭಂಡಾರವನ್ನು ನೋಡಿಕೊಳ್ಳುತ್ತದೆ, ಎಲ್ಲ ಸರಿ. ಆದರೆ ನೀವು ಅಲ್ಲಿ ಕನ್ನಡದ ಪ್ರಬಂಧ ಹುಡುಕಿದ್ದೀರಾ? ನಾನು ಹುಡುಕಿದ್ದೇನೆ. ಒಂದೊಂದು ಅಧ್ಯಾಯ ಒಂದೊಂದು ಪಿಡಿಎಫ್, ಹಳೆಯ ನುಡಿ ಫಾಂಟಿನದು. ‘ಬೆಲ್ಲ’ ಅಂತ ಒಂದು ಪದ ಕಾಪಿ ಮಾಡಿ ಬೇರೆ ಕಡೆ ಇಟ್ಟರೆ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟುಗಳ ಕಲಸುಮೇಲೋಗರ. ಇನ್ನು ಕೆಲವು ಬರೀ ಸ್ಕ್ಯಾನ್, ಫೋಟೋ ಇದ್ದ ಹಾಗೆ. ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ನಮ್ಮ ಭಾಷೆಯಲ್ಲಿ ಬರೆದದ್ದು ತೆರೆದ ಕಪಾಟಿನಲ್ಲಿದ್ದೂ ಕೈಗೆ ಎಟುಕುತ್ತಿಲ್ಲ. ಇದಕ್ಕೆ ಒಂದು ಪುಟ ಜಾಸ್ತಿ ಆದರೂ ಕೊಡುತ್ತೇನೆ.

(ನೀವು ಕಳಿಸಿದ ಫೈಲೂ ನುಡಿಯ ಹಳೇ ಫಾಂಟಿನಲ್ಲೇ ಇತ್ತು, ಮಾರಾಯ್ರೆ. ಮುಂದಿನ ಸಲ ಯೂನಿಕೋಡ್‌ನಲ್ಲಿ ಕಳಿಸಿ.)

ಕೊನೆಯದು. ಆ ಪ್ರಬಂಧದ ಕೂಲಿ ಲೆಕ್ಕವನ್ನು ಕನ್ನಡದಲ್ಲಿ ಓದಿ ಹೇಳಿದಾಗ ನಿಮ್ಮಪ್ಪ ‘ಇದು ಯಾವೂರ ಲೆಕ್ಕ?’ ಅಂದರು ಅಂತ ಬರೆದು, ಮುಂದಿನ ಸಾಲಿನಲ್ಲೇ ‘ಹೀಗೆ ಜ್ಞಾನ ಎಲ್ಲರನ್ನೂ ತಲುಪುತ್ತಿದೆ’ ಅಂದುಬಿಟ್ಟಿದ್ದೀರಿ. ಅವರು ಒಪ್ಪಲಿಲ್ಲ ಅಂತ ತಾನೇ ಅರ್ಥ? ಯಾವ ಲೆಕ್ಕ ಒಪ್ಪಲಿಲ್ಲ? ಅವರ ಪ್ರಕಾರ ಎಷ್ಟು? ಕೂತು ಕೇಳಿ, ಬರೆದು ಕಳಿಸಿ. ಮುಂದಿನ ಸಂಚಿಕೆಗೆ ಇನ್ನೂ ಮೂರು ವಾರ ಇದೆ.