ಹಳೆಯ ಡೆಸ್ಕ್‌ಟಾಪ್‌ಗೆ ವಿಂಡೋಸ್ 11 ಹಾಕಿಸಲೇ?

ಪ್ರಶ್ನೆ: 2014ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಇದೆ. 4ನೇ ತಲೆಮಾರಿನ ಐ3, ಎಚ್81 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಅಂಗಡಿಯವರು "11 ಹಾಕ್ತೀವಿ, ಆಕ್ಟಿವೇಷನ್ನೂ ನಾವೇ ಮಾಡ್ಕೊಡ್ತೀವಿ" ಅನ್ನುತ್ತಾರೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಬ್ರೌಸರ್, ಪ್ರಿಂಟ್, ಇಷ್ಟೇ ನನ್ನ ಕೆಲಸ. ಹಾಕಿಸಲೇ?

ಉತ್ತರ: ಬೇಡ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಇಂಟೆಲ್‌ನಲ್ಲಿ ಕನಿಷ್ಠ 8ನೇ ತಲೆಮಾರು ಬೇಕು. ಆ ತಪಾಸಣೆ ತಪ್ಪಿಸಿ ಹಾಕಬಹುದು, ಓಡುತ್ತದೆ ಕೂಡ. ಆದರೆ ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ಇಂಥ ಯಂತ್ರಕ್ಕೆ ತಾನಾಗಿ ಬರುವುದಿಲ್ಲ. ವಿಂಡೋಸ್ ಹೋಮ್‌ನಲ್ಲಿ ಪ್ರತಿ ಆವೃತ್ತಿಗೂ ಬೆಂಬಲ 24 ತಿಂಗಳು ಮಾತ್ರ, ಆಮೇಲೆ ಮತ್ತೆ ಅಂಗಡಿಗೇ ಹೋಗಬೇಕು. ಇದಕ್ಕಿಂತ ಕೆಟ್ಟದ್ದು ಕ್ರ್ಯಾಕ್ ಆಕ್ಟಿವೇಟರ್, ಅಂದರೆ ಲೈಸೆನ್ಸ್ ಕೊಳ್ಳದೆಯೇ ವಿಂಡೋಸನ್ನು ಆಕ್ಟಿವೇಟ್ ಮಾಡುವ ಕಳ್ಳ ಪ್ರೋಗ್ರಾಂ. ಆ್ಯಂಟಿವೈರಸ್ ಆಫ್ ಮಾಡಿ ಅಡ್ಮಿನ್ ಅಧಿಕಾರ ಕೊಡಿ ಎಂದು ಕೇಳುವ ಅನಾಮಧೇಯ ಪ್ರೋಗ್ರಾಂ ಕೂತಿರುವ ಯಂತ್ರದಲ್ಲಿ ಬ್ಯಾಂಕ್ ಪಾಸ್‌ವರ್ಡ್ ಟೈಪ್ ಮಾಡಲೇಬಾರದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ವಿಸ್ತೃತ ಭದ್ರತಾ ಅಪ್‌ಡೇಟ್ ಎಂಬ ವ್ಯವಸ್ಥೆ ಇದೆ, ಅದು ಗಡುವನ್ನು ಮುಂದೂಡುತ್ತದೆ ಅಷ್ಟೆ. ನಿಮ್ಮ ಬಳಕೆಗೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಕಾರ್ಯಾಚರಣೆ ವ್ಯವಸ್ಥೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ.

ದುಡ್ಡು ಹಾಕಬೇಕಾದ್ದು ಎರಡೇ ಕಡೆ. 240 ಅಥವಾ 256 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಮತ್ತು ಇನ್ನೊಂದು 4 ಜಿಬಿ ರ‍್ಯಾಮ್. ನಿಮ್ಮ ಬೋರ್ಡಿಗೆ ಬೇಕಾದ್ದು ಡಿಡಿಆರ್3 ಬಗೆಯದು. ಡಿಡಿಆರ್4ರ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಒತ್ತಿದರೆ ಸ್ಲಾಟ್ ಮುರಿಯುತ್ತದೆ. ಈಗಿರುವ ರ‍್ಯಾಮ್‌ನ ಲೇಬಲ್ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ. ಎಚ್81 ಬೋರ್ಡಿನ ಸಾಟಾ ಪೋರ್ಟ್‌ಗಳಲ್ಲಿ (ಡಿಸ್ಕಿನ ಕೇಬಲ್ ಸಿಕ್ಕಿಸುವ ಜಾಗ) ಕೆಲವು ಸೆಕೆಂಡಿಗೆ 6 ಗಿಗಾಬಿಟ್ ವೇಗದವು, ಉಳಿದವು 3 ಗಿಗಾಬಿಟ್. ಬೋರ್ಡ್ ಮೇಲಿನ ಅಚ್ಚು ಓದಿ ಎಸ್‌ಎಸ್‌ಡಿಯನ್ನು 6ರದಕ್ಕೇ ಸಿಕ್ಕಿಸಿ.

ಶುರು ಮಾಡುವ ಮೊದಲು ಕಡತಗಳನ್ನೆಲ್ಲ ಬೇರೊಂದು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿ, ನಾಲ್ಕಾರನ್ನು ತೆರೆದು ನೋಡಿ. ವಿಂಡೋಸನ್ನು ಕೊನೆಯ ಸಲ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ. ಇಲ್ಲವಾದರೆ ವಿಂಡೋಸ್ ಬೇಗ ಶುರುವಾಗಲೆಂದು ಇರುವ ಫಾಸ್ಟ್ ಸ್ಟಾರ್ಟಪ್ ದೆಸೆಯಿಂದ ಡಿಸ್ಕ್ ಅರ್ಧ ಮುಚ್ಚಿದ ಸ್ಥಿತಿಯಲ್ಲೇ ಉಳಿದು, ಲಿನಕ್ಸ್‌ನಲ್ಲಿ ಅದರ ಮೇಲೆ ಬರೆಯಲು ಬಿಡುವುದಿಲ್ಲ. ಮಿಂಟ್ ಇರುವ ಪೆನ್ ಡ್ರೈವ್‌ನಿಂದ ಬೂಟ್ ಮಾಡಿದಾಗ ಅವಸರಪಟ್ಟು ಇನ್‌ಸ್ಟಾಲ್ ಒತ್ತಬೇಡಿ. ಮೊದಲು ವೈಫೈ, ಧ್ವನಿ, ಪ್ರಿಂಟರ್ ಪರೀಕ್ಷಿಸಿ. ಇನ್‌ಸ್ಟಾಲ್ ಮಾಡುವಷ್ಟು ಹೊತ್ತು ಹಳೆಯ ಡಿಸ್ಕಿನ ಸಾಟಾ ಕೇಬಲ್ ಕಿತ್ತಿಡಿ. ತಪ್ಪು ಡಿಸ್ಕ್ ಅಳಿಸಿಹೋಗುವ ಅನಾಹುತ ಹೆಚ್ಚಾಗಿ ನಡೆಯುವುದು ಈ ಹಂತದಲ್ಲೇ.

ಕನ್ನಡದ ವಿಷಯಕ್ಕೆ ಹೆಚ್ಚು ಗಮನ ಬೇಕು. ಮಿಂಟ್‌ನ ಕೀಲಿಮಣೆ ಪಟ್ಟಿಯಲ್ಲಿ ಕಗಪ (ನುಡಿಯ ಕೀಲಿಗಳ ಜೋಡಣೆ) ವಿನ್ಯಾಸ ಸಿಗುತ್ತದೆ, ಆದರೆ ಸ್ವರ ಮತ್ತು ಸ್ವರಚಿಹ್ನೆಯನ್ನು ಅದರಲ್ಲಿ ಬೇರೆ ಬೇರೆಯಾಗಿ ಒತ್ತಬೇಕು. ನುಡಿಯ ಬೆರಳಭ್ಯಾಸ ಉಳಿಯಬೇಕೆಂದರೆ ಭಾರತೀಯ ಭಾಷೆಗಳ ಟೈಪಿಂಗ್‌ಗೆ ನೆರವಾಗುವ ಐಬಸ್ (ibus) ಮತ್ತು ಐಬಸ್-ಎಂ17ಎನ್ (ibus-m17n) ಪ್ಯಾಕೇಜ್ ಹಾಕಿ, ಲಾಗ್‌ಔಟ್ ಮಾಡಿ ಬಂದು, ಕನ್ನಡದ ಕೆಳಗೆ ಕೆಜಿಪಿ (kgp) ಆರಿಸಿ. ಒತ್ತಕ್ಷರಕ್ಕೆ ಎಫ್ ಕೀಲಿಯೇ.

ಹಳೆಯ ನುಡಿ ಫಾಂಟಿನ ಕಡತಗಳಲ್ಲಿ ಇರುವುದು ನಿಜವಾಗಿ ಇಂಗ್ಲಿಷ್ ಅಕ್ಷರಸಂಕೇತ. ಫಾಂಟ್ ಅದಕ್ಕೆ ಕನ್ನಡದ ರೂಪ ತೊಡಿಸುತ್ತದೆ. ಫಾಂಟ್ ಇಲ್ಲದ ಕಡೆ ತೆರೆದರೆ ಗೋಜಲು ಕಾಣುತ್ತದೆ, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ವಿಂಡೋಸ್ ಇನ್ನೂ ಇರುವಾಗಲೇ ನುಡಿಯ ಪರಿವರ್ತಕದಲ್ಲಿ ಯುನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಕನ್ನಡವೆಂದೇ ಗುರುತಿಸುವ ಸಂಕೇತಕ್ಕೆ, ತನ್ನಿ. ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ತಿದ್ದಿ, ಮೂಲ ಕಡತವನ್ನೂ ಅಳಿಸದೆ ಇಟ್ಟುಕೊಳ್ಳಿ.

ಮುಂದೆ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ಬೇಕಾದರೆ ಹಳೆಯ ಡಿಸ್ಕಿನಿಂದ ಬೂಟ್ ಮಾಡಿ, ಇಂಟರ್ನೆಟ್ ಕಿತ್ತಿಟ್ಟು ಬಳಸಿ.

ಪ್ರಶ್ನೆ: ಪ್ಲಗ್ ತೆಗೆದು ಹಾಕಿದಾಗಲೆಲ್ಲ ದಿನಾಂಕ ಹಿಂದಕ್ಕೆ ಹೋಗುತ್ತದೆ, ಜಾಲತಾಣಗಳು "ಸುರಕ್ಷಿತವಲ್ಲ" ಎನ್ನುತ್ತವೆ. ವೈರಸ್ಸೇ?

ಉತ್ತರ: ಅಲ್ಲ, ಬೋರ್ಡಿನ ಸಿಆರ್2032 ಬಟನ್ ಸೆಲ್ ಮುಗಿದಿದೆ. ದಿನಾಂಕ ತಪ್ಪಿದಾಗ ಬ್ರೌಸರ್‌ಗೆ ತಾಣದ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲದಂತೆ ಕಾಣುತ್ತದೆ. ಪ್ಲಗ್ ಕಿತ್ತು, ಪ್ಲಸ್ ಗುರುತು ಮೇಲೆ ಬರುವಂತೆ ಹೊಸ ಸೆಲ್ ಕೂರಿಸಿ. ಬದಲಿಸುವ ಮೊದಲು ಬಯೋಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್ ಪರದೆ) ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕಿನೊಂದಿಗೆ ಮಾತಾಡುವ ರೀತಿ, ಐಡಿಇಯೋ ಎಎಚ್‌ಸಿಐಯೋ ಎಂದು ಬರೆದಿಟ್ಟುಕೊಳ್ಳಿ. ಅದು ಬದಲಾದರೆ ವಿಂಡೋಸ್ ನೀಲಿ ಪರದೆಗೆ ಬಂದು ನಿಲ್ಲುತ್ತದೆ, ಆಗ ಡಿಸ್ಕ್ ಹೋಯಿತೆಂದು ಹೊಸದು ಕೊಳ್ಳಬೇಡಿ.