ಅಕ್ಕನಿಗೊಂದು ಪಾತ್ರ ಬರೆಯಲೇ?

ಪ್ರಶ್ನೆ: ನಾನು ಒಂದು ಡೈಲಿ ಧಾರಾವಾಹಿಗೆ ಚಿತ್ರಕಥೆ ಬರೆಯುತ್ತೇನೆ. ನನಗೆ ಮೊದಲ ಕೆಲಸ ಕೊಡಿಸಿದ ಕಲಾವಿದೆಯೊಬ್ಬರನ್ನು ಹೋದ ತಿಂಗಳು ಬೇರೊಂದು ಧಾರಾವಾಹಿಯಿಂದ ತೆಗೆದರು. ಅವರನ್ನು ನಾನು ಅಕ್ಕ ಅಂತಲೇ ಕರೆಯೋದು. ಮರುದಿನದ ಶೂಟಿಂಗ್‌ಗೆ ಸೀರೆ, ಬ್ಲೌಸ್ ಎಲ್ಲ ಬ್ಯಾಗಿಗೆ ತುಂಬಿಟ್ಟಿದ್ದರು. ರಾತ್ರಿ ಮ್ಯಾನೇಜರ್ ಫೋನ್ ಮಾಡಿ ‘ನಾಳೆಯಿಂದ ಬರೋದು ಬೇಡ ಮೇಡಂ’ ಅಂದರಂತೆ. ಆ ಬ್ಯಾಗು ಇನ್ನೂ ಬಾಗಿಲ ಪಕ್ಕದಲ್ಲೇ ಇದೆ. ‘ನಿನ್ನ ಕಥೇಲಿ ನಂಗೊಂದು ಪಾತ್ರ ಬರಿ’ ಅಂತಿದ್ದಾರೆ. ಬರೆದರೆ ನಮ್ಮಲ್ಲಿ ಅತ್ತಿಗೆ ಪಾತ್ರ ಮಾಡುವ ಹುಡುಗಿಗೆ ಕೆಲಸದ ದಿನಗಳು ಕಡಿಮೆಯಾಗುತ್ತವೆ. ಬರೆಯದಿದ್ದರೆ ಋಣ ಮರೆತ ಹಾಗಾಗುತ್ತೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಆ ಬ್ಯಾಗಿನ ವಿಷಯ ಓದಿ ಕರುಳು ಚುರ್ ಅಂತು. ಕೆಲಸ ಹೋಗೋದೇ ಒಂದು ನೋವು. ತಾನು ಮಾಡಿದ ಪಾತ್ರದಲ್ಲಿ ಇನ್ನೊಬ್ಬರ ಮುಖವನ್ನು ದಿನಾ ಸಂಜೆ ಟಿವಿಯಲ್ಲಿ ನೋಡೋದು ಅದಕ್ಕಿಂತ ದೊಡ್ಡದು.

ಅಕ್ಕನ ಋಣ ನಿಮ್ಮ ಮೇಲಿದೆ, ನಿಜ. ಆದರೆ ಅದು ನಿಮ್ಮ ಋಣ, ಅತ್ತಿಗೆ ಪಾತ್ರದ ಹುಡುಗಿಯದಲ್ಲ. ದಿನದ ಲೆಕ್ಕದಲ್ಲಿ ದುಡಿಯುವವರಿಗೆ ತಿಂಗಳಲ್ಲಿ ನಾಲ್ಕು ದಿನ ತಪ್ಪಿದರೆ ಬಾಡಿಗೆಗೇ ಹೊಡೆತ. ಅವಳ ದೃಶ್ಯ ಕಿತ್ತು ಅಕ್ಕನಿಗೆ ಕೊಟ್ಟರೆ, ಅಕ್ಕನಿಗೆ ಆದದ್ದನ್ನೇ ನಿಮ್ಮ ಕೈಯಾರೆ ಇನ್ನೊಬ್ಬಳಿಗೆ ಮಾಡಿದ ಹಾಗಾಯ್ತಲ್ವಾ? ಅದೊಂದು ಮಾತ್ರ ಬೇಡ.

ಹೊಸ ಪಾತ್ರ ಬರೆಯೋದರಲ್ಲಿ ತಪ್ಪಿಲ್ಲ. ಅಮೆರಿಕದಲ್ಲಿ 1963ರಿಂದ ನಡೆಯುತ್ತಿರುವ ‘ಜನರಲ್ ಹಾಸ್ಪಿಟಲ್’ ಧಾರಾವಾಹಿಯಲ್ಲಿ ಮೈಕಲ್ ಈಸ್ಟನ್ ಅಂತ ಒಬ್ಬ ನಟ ಪೊಲೀಸ್ ಪಾತ್ರ ಮಾಡುತ್ತಿದ್ದರು. 2013ರಲ್ಲಿ ಆ ಪಾತ್ರದ ಹಕ್ಕು ಯಾರದು ಅನ್ನೋ ಜಗಳದಿಂದ ಅದನ್ನೇ ಬಿಡಬೇಕಾಯಿತು. ಅದೇ ವರ್ಷ ಅವರಿಗಾಗಿ ಒಬ್ಬ ಡಾಕ್ಟರ್ ಪಾತ್ರ ಹುಟ್ಟಿತು. 2015ರಲ್ಲಿ ಆ ಡಾಕ್ಟರನ್ನೂ ಸಾಯಿಸಿದರು. 2016ರಲ್ಲಿ ಅವರು ಮತ್ತೆ ಬಂದರು, ಫಿನ್ ಅನ್ನೋ ಇನ್ನೊಬ್ಬ ಡಾಕ್ಟರಾಗಿ. ಈ ಫಿನ್ ಒಂದು ಓತಿಕ್ಯಾತ ಸಾಕಿದ್ದ, ಅದರ ಹೆಸರು ರಾಕ್ಸಿ. ನನಗೆ ಆ ಓತಿಕ್ಯಾತ ತುಂಬಾ ಇಷ್ಟ. ಮುಖ ಹಳೇದೇ. ಆದರೆ ಓತಿಕ್ಯಾತ ಹಿಡಿದು ಓಡಾಡುವವನನ್ನು ಯಾರು ಆ ಹಳೇ ಪೊಲೀಸ್ ಅಂದುಕೊಳ್ಳುತ್ತಾರೆ? 2024ರವರೆಗೆ ಫಿನ್ ಕಥೆಯಲ್ಲಿದ್ದ.

ಹಾಗಾಗಿ ಅಕ್ಕನಿಗೆ ಮತ್ತದೇ ಅಳುವ ತಾಯಿ ಪಾತ್ರ ಬರೆಯಬೇಡಿ. ಅವರನ್ನು ತೆಗೆದವರಿಗೆ ಚುಚ್ಚುವ ಡೈಲಾಗನ್ನಂತೂ ಬರೆಯಲೇಬೇಡಿ. ಮೊದಲು ನಿಮ್ಮ ಕಥೆಯಲ್ಲಿ ಯಾರ ಕೊರತೆ ಇದೆ ನೋಡಿ. ಅತ್ತೆಗೆ ಎದುರಾಡುವವರು ಯಾರೂ ಇಲ್ಲವೇ? ಹಾಗಿದ್ದರೆ ಆಸ್ತಿಯಲ್ಲಿ ಪಾಲು ಕೇಳಿಕೊಂಡು ಅವಳ ತಂಗಿ ಬರಬಹುದು. ಅವಳು ಅತ್ತಿಗೆಯನ್ನು ತನ್ನ ಕಡೆ ಸೆಳೆದರೆ ಆ ಹುಡುಗಿಗೂ ಜಾಸ್ತಿ ದೃಶ್ಯ ಸಿಗುತ್ತೆ. ಒಂದು ಪುಟ ಬರೆದು ನಿರ್ದೇಶಕರಿಗೆ ಕೊಡಿ. ‘ಯಾರು ಮಾಡ್ತಾರೆ?’ ಅಂತ ಅವರು ಕೇಳಿದಾಗ ಅಕ್ಕನ ಹೆಸರು ಹೇಳಿ. ನನಗೆ ಬೇಕಾದವರು ಅನ್ನೋದನ್ನೂ ಅಲ್ಲೇ ಹೇಳಿಬಿಡಿ. ಮುಚ್ಚಿಟ್ಟರೆ ನಾಳೆ ಸೆಟ್ಟಿನಲ್ಲಿ ಅದೇ ಗುಸುಗುಸು. ಪಾತ್ರ ಎಷ್ಟು ಎಪಿಸೋಡ್ ಇರುತ್ತೆ ಅಂತ ಮೊದಲೇ ಗೊತ್ತುಮಾಡಿಕೊಂಡು ಅಕ್ಕನಿಗೂ ತಿಳಿಸಿ. ಎರಡನೇ ಸಲ ಅವರಿಗೆ ರಾತ್ರಿ ಫೋನ್ ಬರಬಾರದು. ಹಳೇ ಒಪ್ಪಂದದಲ್ಲಿ ಬೇರೆ ಕಡೆ ನಟಿಸಬಾರದು ಅಂತೇನಾದರೂ ಇದೆಯಾ ಅಂತಲೂ ಅವರು ಒಮ್ಮೆ ಓದಿ ನೋಡಲಿ.

ಚಾನೆಲ್‌ನವರು ಬೇಡ ಅಂದರೆ ಅವತ್ತೇ ಅಕ್ಕನ ಮನೆಗೆ ಹೋಗಿ ಹೇಳಿ. ವಾಟ್ಸಾಪಿನಲ್ಲಿ ಬೇಡ. ಅವರು ಬೈದರೆ ಬೈಸಿಕೊಳ್ಳಿ. ನಿಮಗೆ ಗೊತ್ತಿರುವ ಬೇರೆ ನಿರ್ದೇಶಕರಿಗೆ ಅಲ್ಲೇ ಕೂತು ಅವರೆದುರೇ ಫೋನ್ ಮಾಡಿ.

ಆದರೆ ಈ ಭಾನುವಾರ ಪಾತ್ರದ ಮಾತೆತ್ತದೆ ಸುಮ್ನೆ ಒಮ್ಮೆ ಹೋಗಿ ಬನ್ನಿ. ಕಾಫಿ ಕುಡಿದು, ಇಬ್ಬರೂ ಸೇರಿ ಆ ಬ್ಯಾಗು ಬಿಚ್ಚಿ ಸೀರೆಗಳನ್ನು ಬೀರುವಿನಲ್ಲಿಡಿ.